ಮೇಲ್ಮನೆ ತಾತನ ಹಲ್ಲು

"ಸಂಜೆ ಆಫೀಸಿನ ಗ್ರೂಪ್ ಫೋಟೋದಲ್ಲಿ ದಯವಿಟ್ಟು ಬಾಯಿ ಮುಚ್ಕೊಂಡು ನಗಿ" ಎಂದು ಹೆಂಡತಿ ಹೇಳಿದ್ದೇ ಗುಮಾಸ್ತನ ಅಂದಿನ ಫಜೀತಿಗೆಲ್ಲ ಮೂಲ.

ಬಾಗಿಲ ಬಳಿಯ ಕನ್ನಡಿಯಲ್ಲಿ ಹಲ್ಲು ಕಿರಿದು ನೋಡಿಕೊಂಡ. ಕಾಫಿ ಕುಡಿದು ಕುಡಿದು ಹಲ್ಲುಗಳು ಹಳೇ ಫೈಲಿನ ಬಣ್ಣಕ್ಕೆ ತಿರುಗಿದ್ದವು. ಅಷ್ಟರಲ್ಲಿ ಮೇಲ್ಮನೆ ತಾತ ಮೆಟ್ಟಿಲಿಳಿದು ಬಂದರು.

"ಏನಪ್ಪಾ, ಬೆಳಗ್ಗೆ ಬೆಳಗ್ಗೆ ಕನ್ನಡಿನ ಹೆದರಿಸ್ತಿದ್ದೀಯಾ?" ಎಂದು ನಕ್ಕರು.

ಆ ನಗು! ವಯಸ್ಸು ಎಂಬತ್ತರ ಹತ್ತಿರ, ಬಾಯಿ ತೆರೆದರೆ ಮಾತ್ರ ಕೋಣೆಗೆ ದೀಪ ಹಾಕಿದ ಹಾಗೆ. ಒಂದು ಹಲ್ಲೂ ಸವೆದಿಲ್ಲ, ಸಾಲು ತಪ್ಪಿಲ್ಲ. ಗುಮಾಸ್ತನಿಗೆ ಕೈ ಮುಗಿಯಬೇಕೆನಿಸಿತು.

"ತಾತಾ, ಹಲ್ಲು ಹೀಗಾಗೋಕೆ ನೀವೇನ್ ಮಾಡಿದ್ರಿ? ಹೇಳಲೇಬೇಕು."

ತಾತನಿಗೆ ಹುರುಪು ಬಂತು. "ಗಟ್ಟಿ ಬ್ರಷ್ ಹಿಡಿದು ಪಾತ್ರೆ ತಿಕ್ಕೋ ಹಾಗೆ ತಿಕ್ತಿದ್ದೆ. ಕಲೆ ಕಂಡ್ರೆ ನಿಂಬೆಹಣ್ಣು, ಕಲ್ಲುಪ್ಪು. ಐಸ್ ಸಿಕ್ರೆ ಕಟಕಟ ಕಡೀತಿದ್ದೆ. ಸೋಡಾ ಬಾಟ್ಲಿಗೆ ಹಲ್ಲೇ ಓಪನರ್!"

ಗುಮಾಸ್ತ ಬಚ್ಚಲು ಸೇರಿದ. ನಿಂಬೆ, ಉಪ್ಪು, ಗಟ್ಟಿ ಬ್ರಷ್.

"ಏನ್ರೀ, ಒಳಗೆ ಮರ ಕೊಯ್ತಿದ್ದೀರಾ?" ಹೆಂಡತಿ ಕೂಗಿದಳು.

ಆಫೀಸಿನ ಕ್ಯಾಂಟೀನಿನಲ್ಲಿ ಐಸ್ ಕಡಿದ. ಸಹೋದ್ಯೋಗಿಗಳು ಸುತ್ತ ನೆರೆದರು. "ಸೋಡಾನೂ ಆಗಿಬಿಡ್ಲಿ ಸಾರ್!" ಎಂದು ಟೈಪಿಸ್ಟ್ ಬಾಟಲಿ ಕೈಗಿತ್ತಳು. ಕಚ್ಚಿದ. ಟಕ್ ಎಂದಿತು. ಮುಚ್ಚಳ ಇದ್ದಲ್ಲೇ ಇತ್ತು, ಮುಂದಿನ ಹಲ್ಲಿನ ಮೂಲೆ ಇರಲಿಲ್ಲ. ಉಸಿರೆಳೆದರೆ ತಣ್ಣನೆ ಗಾಳಿ ನೆತ್ತಿಗೆ ಮೊಳೆ ಹೊಡೆಯಿತು. ಫೋಟೋದವನನ್ನು ನಿಂತಲ್ಲೇ ಬಿಟ್ಟು, ಎಲ್ಲರೂ ಗುಮಾಸ್ತನನ್ನು ಹಲ್ಲಿನ ಡಾಕ್ಟರ ಬಳಿಗೆ ಹೊತ್ತೊಯ್ದರು.

ಡಾಕ್ಟರು ಅವನ ಹಲ್ಲನ್ನು ಪರದೆಯ ಮೇಲೆ ತೋರಿಸಿದರು. ಬೆಟ್ಟದಷ್ಟು ದೊಡ್ಡದು!

"ಮೇಲಿನ ಈ ಹೊಳಪಿನ ಪದರ ಇದೆಯಲ್ಲ, ಇದೇ ಎನಾಮಲ್. ಮೈಯಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇಲ್ಲ, ಮೂಳೆನೂ ಇಷ್ಟು ಗಟ್ಟಿ ಇಲ್ಲ. ಆದ್ರೆ ಹೋದ್ರೆ ಮತ್ತೆ ಬೆಳೆಯಲ್ಲ. ನೀವು ಹುಳಿ ಹಚ್ಚಿ ಮೆತ್ತಗೆ ಮಾಡಿ, ಆಮೇಲೆ ಉಜ್ಜಿದ್ದೀರಿ."

ಗುಮಾಸ್ತ ನೋವು ಮರೆತು ನೋಡಿದ. ಇಂಥದ್ದೊಂದು ಬೆಳ್ಳಿಬೆಟ್ಟವನ್ನು ಇಷ್ಟು ವರ್ಷ ಬಾಯಲ್ಲಿ ಹೊತ್ತು ತಿರುಗಿದವನು, ಇವತ್ತು ಅದಕ್ಕೇ ಉಪ್ಪುಕಾಗದ ಹಾಕಿಬಿಟ್ಟೆನಲ್ಲ!

"ಹಾಗಾದ್ರೆ ನಮ್ಮ ಮೇಲ್ಮನೆ ತಾತನ ಹಲ್ಲು ಯಾವ ಕಲ್ಲಿಂದು ಡಾಕ್ಟ್ರೇ?"

ಡಾಕ್ಟರು ಉತ್ತರಿಸುವ ಮೊದಲೇ ಬಾಗಿಲು ತೆರೆಯಿತು. ತಾತ ಬಂದರು. ಕೆನ್ನೆ ಒಳಗಿಳಿದಿತ್ತು, ಕೈಯಲ್ಲೊಂದು ಡಬ್ಬಿ.

"ಸೆಟ್ಟು ಸಡಿಲ ಆಗಿದೆ ಡಾಕ್ಟ್ರೇ, ಸ್ವಲ್ಪ ನೋಡಿ."

ಡಬ್ಬಿಯೊಳಗಿಂದ ಎರಡೂ ಸಾಲು ಹಲ್ಲು ಗುಮಾಸ್ತನನ್ನು ನೋಡಿ ನಗುತ್ತಿದ್ದವು.

"ತಾತಾ! ಬೆಳಗ್ಗೆ ಹೇಳಿದ್ದೆಲ್ಲ ಸುಳ್ಳಾ?"

"ಸುಳ್ಯಾಕಪ್ಪಾ ಹೇಳ್ಲಿ?" ತಾತ ಬೊಚ್ಚುಬಾಯಿ ಅಗಲಿಸಿದರು. "ಹಲ್ಲು ಹೀಗಾಗೋಕೆ ಏನ್ ಮಾಡಿದ್ರಿ ಅಂತ ನೀನು ಕೇಳ್ದೆ. ನಾನು ಮಾಡಿದ್ದನ್ನೆಲ್ಲ ಹೇಳ್ದೆ. ನಲವತ್ತು ತುಂಬೋಕೆ ಮುಂಚೆನೇ ಪೂರ್ತಿ ಹೀಗಾಗಿತ್ತು, ನೋಡು!"