ಎಡಗಣ್ಣು ತೆರೆಯದ ದಿನ

ಸುದ್ದಿ ಬಂದಾಗ ನಾನು ರಾಗಿ ಬೀಸುತ್ತಿದ್ದೆ, ನಮ್ಮ ಚಿಕ್ಕಮಾವ ದೇವರಿಗೆ ಶರಣಾಗುತ್ತಿದ್ದರು. ಇಬ್ಬರಲ್ಲಿ ಬೆವರುತ್ತಿದ್ದವಳು ನಾನೊಬ್ಬಳೇ.

ಅವರಷ್ಟು ಪೂರ್ತಿಯಾಗಿ ಎಲ್ಲವನ್ನೂ ದೇವರಿಗೆ ಒಪ್ಪಿಸಿದವರು ತೊಣ್ಣೂರು ಸುತ್ತಿನಲ್ಲೇ ಇರಲಿಲ್ಲ. ಎಮ್ಮೆ ಕಟ್ಟುವುದನ್ನೂ ಒಪ್ಪಿಸಿದ್ದರು. ದೇವರು ಬಾರದ ದಿನ ನಾನು ಕಟ್ಟುತ್ತಿದ್ದೆ. ವಯಸ್ಸಾಗಿ ಕಮ್ಮಾರಿಕೆಯ ಕುಲುಮೆ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಹಿತ್ತಲಲ್ಲಿ ಪದ್ಮಾಸನ ಹಾಕಿ, ಉಸಿರು ಹಿಡಿದು, “ನಂದೇನಿಲ್ಲ, ಎಲ್ಲಾ ನಿಂದೇ” ಎಂದು ಕೂರುವುದು ಅವರ ಯೋಗ. ಎಷ್ಟು ಹೊತ್ತು? ನಾನು ಹೆಂಚಿಗೆ ರೊಟ್ಟಿ ಹಾಕುವವರೆಗೆ. ವಾಸನೆ ಮೂಗಿಗೆ ಬಡಿದದ್ದೇ ಎಡಗಣ್ಣು ತೆರೆಯುತ್ತಿತ್ತು.

“ಎಲ್ಲಾ ಅವನದೇ ಅಂದ್ಮೇಲೆ ರೊಟ್ಟೀನೂ ಅವನದೇ ಅಲ್ವಾ ಮಾವ?”

“ಈ ಕಣ್ಣ ತೆಗೆಸ್ತಿರೋನೂ ಅವ್ನೇ ಕಣವ್ವ.”

ಅದು ನಮ್ಮ ರಾಜಧಾನಿ ಪಟ್ಟಣಕ್ಕೆ ಮುತ್ತಿಗೆ ಬಿದ್ದ ವರ್ಷ. ಗಂಡಸರು ಕೋಟೆ ಕೆಲಸಕ್ಕೆ ಹೋಗಿದ್ದರು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿದಳು: “ಅಕ್ಕಾ, ದಂಡಿನ ಕುದ್ರೆಯವ್ರು ಬತ್ತಾವ್ರೆ. ನೆಲಕ್ಕೆ ಸಲಾಕೆ ಚುಚ್ಚಿ ಹಗೇವು ಹುಡುಕ್ತಾವ್ರೆ.”

ನಮ್ಮ ಹಗೇವು, ಕಾಳು ತುಂಬಿಡುವ ನೆಲಗುಣಿ, ಹಿತ್ತಲಲ್ಲೇ. ಮನೆಯ ಐದು ಮಕ್ಕಳಿಗೆ ಸುಗ್ಗಿಯವರೆಗಿನ ರಾಗಿಯೆಲ್ಲ ಆ ನೆಲದೊಳಗಿತ್ತು. ಹಿಂದಿನ ದಿನವಷ್ಟೇ ನಾನು ರಾಗಿ ತೆಗೆದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದೆ. ಮಣ್ಣು ಇನ್ನೂ ಹಸಿ. ಸಲಾಕೆ ಯಾಕೆ, ಕಣ್ಣಿದ್ದರೆ ಸಾಕು.

“ಮಾವ, ಮೆತ್ತಿದ್ದು ಒಣಗಿಲ್ಲ.”

ಅವರು ಚಾಪೆ ಎಳೆದು ಆ ಹಸಿ ಮಣ್ಣಿನ ಮೇಲೆ ಹಾಸಿ, ಕೂತು, ಕಣ್ಣು ಮುಚ್ಚಿದರು. ನಾನು ದಿನದಂತೆ ಅಡುಗೆ ಮಾಡುವವಳ ಹಾಗೆ ಕಾಣಲೆಂದು, ಇದ್ದ ಹಿಟ್ಟಿನಲ್ಲಿ ಒಂದು ರೊಟ್ಟಿ ತಟ್ಟಿ ಹೆಂಚಿಗೆ ಹಾಕಿದೆ. ಹಾಕಿದ ಮೇಲೆ ನನ್ನ ಬುದ್ಧಿಗೇಡಿತನ ಹೊಳೆಯಿತು. ವಾಸನೆ ಆಗಲೇ ಹಿತ್ತಲಿಗೆ ಹೊರಟಿತ್ತು.

ಇಬ್ಬರು ಸವಾರರು ಬಂದರು. ಒಬ್ಬ ಬಾಗಿಲಲ್ಲಿ ನಿಂತ. ಇನ್ನೊಬ್ಬ ಚುಚ್ಚುತ್ತ ಚುಚ್ಚುತ್ತ ಚಾಪೆಯ ಬಳಿಗೆ ಬಂದ.

“ಏಳಯ್ಯ.”

“ಯೋಗಕ್ಕೆ ಕೂತವ್ರೆ ಕಣಪ್ಪ. ಏನ್ ಮಾಡುದ್ರೂ ಕಣ್ಣು ಬುಡಾಕಿಲ್ಲ” ಎಂದೆ. ಹಿತ್ತಲ ತುಳಸಿಯ ಎದುರು ಅಷ್ಟು ದೊಡ್ಡ ಸುಳ್ಳು ಹೇಳಿದ್ದು ಅದೇ ಮೊದಲು.

“ನೋಡೇಬುಡಾನ” ಎಂದವನು ಹೆಂಚಿನ ರೊಟ್ಟಿ ತಂದು ಮಾವನ ಮೂಗಿಗೆ ಹಿಡಿದ. ಹಬೆ ಮೀಸೆಗೆ ತಾಕುತ್ತಿತ್ತು. ನಾನು ಎಡಗಣ್ಣನ್ನೇ ನೋಡುತ್ತಿದ್ದೆ. ರೆಪ್ಪೆ ಮಿಸುಕಲಿಲ್ಲ. ಸಲಾಕೆಯನ್ನು ಮಂಡಿಯ ಪಕ್ಕದಲ್ಲೇ ನೆಟ್ಟ. ಗೇಣು ಒಳಕ್ಕೆ ಬಿದ್ದಿದ್ದರೆ ಹಗೇವಿನ ಕಲ್ಲು ಠಣ್ ಎನ್ನುತ್ತಿತ್ತು. ಆಗಲೂ ಮಿಸುಕಲಿಲ್ಲ. ಅವನಿಗೇ ಏನನ್ನಿಸಿತೋ, ಕೈಮುಗಿದು, ರೊಟ್ಟಿ ಮುರಿದು ತಿನ್ನುತ್ತ ಹೊರಟ.

“ಹೋದ್ರು ಮಾವ, ಏಳಿ.”

ಏಳಲಿಲ್ಲ. ಎರಡೂ ಕೈ ಚಾಪೆಯ ಅಂಚನ್ನು ಬಿಗಿಹಿಡಿದಿದ್ದವು.

“ಇವತ್ತು ಧ್ಯಾನ ಗಟ್ಟಿಯಾಗಿತ್ತು” ಎಂದೆ, ನಗಿಸಲು.

“ಯಾವ ದ್ಯಾನ ಬುಡವ್ವ. ಎಲ್ಲಾ ನಿಂದೇ ಅನ್ನಾಕೆ ಬಾಯೇ ಬರ್ನಿಲ್ಲ. ಈ ಮುದಿ ಮೈ ತಕ್ಕೊ, ಕೆಳಗಿರೋದು ಐಕ್ಳದು ಅಂದೆ.”

ಕಾಲು ನೀವಿ ಗೋಡೆಗೆ ಒರಗಿಸಿದೆ. ಒಂದು ರೊಟ್ಟಿ ತಕ್ಕೊಂಡು ನಮ್ಮನ್ನು ಬಿಟ್ಟನಲ್ಲ ದೇವರು. ಆದರೆ ಸವಾರ ತಿಂದ ಆ ರೊಟ್ಟಿ ಮಾವನ ಪಾಲಿನದು. ಬೀಸುವ ಕಲ್ಲಿಗೆ ಮರಳಿ ಇನ್ನೊಂದು ಹಿಡಿ ರಾಗಿ ಸುರಿದೆ.