ಹರಪನಹಳ್ಳಿಯ ಕಂಪ್ಯೂಟರಿಗೆ ವಿಳಾಸ ಕೊಡಿಸಿದ್ದು

ಹೋಳಿಗೆ ಚೆನ್ನಾಗಿ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಕೆಲಸ ಎಲೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ತಿಂದವರು ಬೆರಳು ಚೀಪುತ್ತಾ "ಏನ್ ಮಸ್ತ್ ಆಗ್ಯಾವ್ರೀ!" ಎನ್ನುತ್ತಾರೆ. ರವಿಕೆ ಹೊಲಿಯುವವರ ಭಾಗ್ಯವೂ ಅಂಥದೇ. ಮದುವೆ ಮನೆಯಲ್ಲಿ ಯಾರಾದರೂ ಒಬ್ಬರು ಬೆನ್ನು ತಿರುಗಿಸಿ ನಿಲ್ಲಿಸಿ, ಯಾರು ಹೊಲಿದದ್ದು ಎಂದು ಕೇಳಿಯೇ ಕೇಳುತ್ತಾರೆ. ನನ್ನ ಕೆಲಸದ ಸ್ವಭಾವ ಬೇರೆ. ಅದು ಸರಿಯಾಗಿ ನಡೆದರೆ ಹಾಗೊಂದು ಕೆಲಸ ಇದೆ ಎಂಬುದೇ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಮಾತ್ರ ಐದು ತಾಲೂಕಿನವರು ನನ್ನ ಹೆಸರು ಹಿಡಿದು ಕೂಗುತ್ತಾರೆ. ಹೀಗಿರುವಾಗ ನನ್ನನ್ನು ನಾನೇ ಹೊಗಳಿಕೊಳ್ಳದೆ ಬೇರೆ ದಾರಿಯಿಲ್ಲ. ಮುಂದೆ ಬರುವುದೆಲ್ಲ ಅದೇ. ಬೇಸರ ಬರುವವರು ಇಲ್ಲಿಗೇ ನಿಲ್ಲಿಸಬಹುದು.

ಹಗರಿಬೊಮ್ಮನಹಳ್ಳಿಯ ಒಂದು ಕಣ್ಣಾಸ್ಪತ್ರೆಯಲ್ಲಿ ಕಂಪ್ಯೂಟರುಗಳ ಜಾಲ ನೋಡಿಕೊಳ್ಳುವುದು ನನ್ನ ಉದ್ಯೋಗ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಲ್ಲಿ ನಮ್ಮ ಶಾಖೆಗಳಿವೆ. ಅಲ್ಲಿ ರೋಗಿಯ ಕಣ್ಣಿನ ಫೋಟೋ ತೆಗೆಯುತ್ತಾರೆ. ಅದು ತಕ್ಷಣ ಇಲ್ಲಿಗೆ ಬರುತ್ತದೆ. ನಮ್ಮ ದೊಡ್ಡ ಡಾಕ್ಟರು ನೋಡಿ ಆಪರೇಷನ್ ಬೇಕೋ ಬೇಡವೋ ಹೇಳುತ್ತಾರೆ. ಇಷ್ಟೂ ಓಡಾಟ ನಡೆಯುವುದು ನನ್ನ ಕೋಣೆಯ ಮೂಲಕ. ನಾನು ಅದನ್ನು ಡೇಟಾ ಸೆಂಟರ್ ಎನ್ನುತ್ತೇನೆ. ಆಸ್ಪತ್ರೆಯ ಉಳಿದವರು 'ಏಸಿ ರೂಮು' ಎನ್ನುತ್ತಾರೆ. ಹಡಗಲಿ ಕಡೆಯಿಂದ ಬರುವ ನರ್ಸಮ್ಮಂದಿರು ಮಲ್ಲಿಗೆ ತಂದರೆ ಬಾಡದಿರಲೆಂದು ಸಂಜೆಯವರೆಗೆ ಸರ್ವರುಗಳ ಪಕ್ಕದಲ್ಲಿ ಇಟ್ಟಿರುತ್ತಾರೆ. ಒಮ್ಮೆ ಯಂತ್ರ ರಿಪೇರಿಗೆ ಬಂದ ಎಂಜಿನಿಯರ್ ಬಾಗಿಲು ತೆರೆದವನು ಆ ಪರಿಮಳಕ್ಕೆ ಬೆಚ್ಚಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ನಾನು ತಿದ್ದಲು ಹೋಗಲಿಲ್ಲ.

ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಿರಿಕಿರಿಯದು ವಿಳಾಸ ಕೊಡಿಸುವುದು. ಬೆಳಿಗ್ಗೆ ಒಂದು ಕಂಪ್ಯೂಟರ್ ಹಚ್ಚಿದ ಕೂಡಲೇ ಅದು "ನನಗೊಂದು ವಿಳಾಸ ಕೊಡ್ರಪ್ಪೋ" ಎಂದು ಕೂಗುತ್ತದೆ. ವಿಳಾಸ ಸಿಗದಿದ್ದರೆ ಅದು ಫೋಟೋ ಕಳಿಸಲಾರದು, ಏನನ್ನೂ ತರಿಸಿಕೊಳ್ಳಲಾರದು. ವಿಳಾಸ ಕೊಡುವ ಡಿಎಚ್‌ಸಿಪಿ ಸರ್ವರ್ ಇರುವುದು ನನ್ನ ಕೋಣೆಯಲ್ಲಿ. ಕೂಗುವ ಕಂಪ್ಯೂಟರ್ ಇರುವುದು ಹರಪನಹಳ್ಳಿಯಲ್ಲಿ. ಆ ಕೂಗು ಶಾಖೆಯ ಗೋಡೆ ದಾಟುವುದಿಲ್ಲ. ಅದಕ್ಕೇ ಶಾಖೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಯಲ್ಲಿ, ಕೂಗು ಕೇಳಿದರೆ ಇಂಥ ಸರ್ವರಿಗೆ ಮುಟ್ಟಿಸು ಎಂದು ಬರೆದಿಡಬೇಕು. ಇದಕ್ಕೆ ರಿಲೇ ಎನ್ನುತ್ತಾರೆ. ಫೋಟೋ ವಿಭಾಗಕ್ಕೊಂದು, ಔಷಧಿ ಅಂಗಡಿಗೊಂದು, ಕೌಂಟರಿಗೊಂದು, ಹೀಗೆ ಎಲ್ಲ ಊರಿನ ಎಲ್ಲ ವಿಭಾಗಕ್ಕೂ ಬೇರೆ ಬೇರೆ ಬರೆಯಬೇಕು. ವಿಳಾಸವೆಂದರೆ ಅಂಕಿಗಳ ಸಾಲು, ಒಂದು ಅಂಕಿ ತಪ್ಪಿದರೆ ಮುಗಿಯಿತು. ಈ ಹಿಂದೆ ಹೊರಗಿನ ಗುತ್ತಿಗೆದಾರರು ಬಂದು ಕೈಯಲ್ಲೇ ಟೈಪ್ ಮಾಡಿ ಹೋದಾಗ ಕೂಡ್ಲಿಗಿಯಲ್ಲಿ ಹಾಗೇ ಆಗಿತ್ತು. ಹೊಸಹಳ್ಳಿ ಕಡೆಯಿಂದ ಕುರಿ ಬೇರೆಯವರ ವಶಕ್ಕೆ ಬಿಟ್ಟು ಬಂದಿದ್ದ ಮುದುಕರು ಮಧ್ಯಾಹ್ನದವರೆಗೆ ಕಾದು, ಫೋಟೋ ಇಲ್ಲದೆ ವಾಪಸು ಹೋದರು. ಅವರಲ್ಲೊಬ್ಬರು ಮತ್ತೆ ಬರಲೇ ಇಲ್ಲ ಎಂದು ಡಾಕ್ಟರು ಬಹಳ ದಿನ ಪೇಚಾಡಿದರು.

ಈ ವರ್ಷ ಹಳೆಯ ಸರ್ವರನ್ನು ತೆಗೆದು ಹೊಸದನ್ನು ಕೂರಿಸುವುದಾಯಿತು. ಹೊಸದರ ವಿಳಾಸ ಬೇರೆಯಾದ್ದರಿಂದ ಎಲ್ಲ ಊರಿನ ಎಲ್ಲ ರಿಲೇಗಳನ್ನೂ ಬದಲಿಸಬೇಕು. ನನ್ನ ಜೊತೆ ಕೆಲಸ ಮಾಡುವ ಕೊಟ್ರೇಶಿ ಬೈಕಿಗೆ ಪೆಟ್ರೋಲ್ ಹಾಕಿಸಲು ಹೊರಟ. ನಾನು ತಡೆದೆ. "ಬ್ಯಾಡ ಕೊಟ್ರೇಶಿ. ಈ ಸಲ ನಾವು ಎಲ್ಲಿಗೂ ಹೋಗಾದಿಲ್ಲ. ಪ್ರೋಗ್ರಾಮ್ ಬರಿತೀನಿ. ಅದ ಎಲ್ಲಾ ಊರಿಗೂ ಹೋಗಿ ಬದಲಿ ಮಾಡಿ ಬರತೈತಿ."

ಕೊಟ್ರೇಶಿ ಹೆಲ್ಮೆಟ್ ಕೆಳಗಿಡಲಿಲ್ಲ. "ಗಿರಿಜಕ್ಕ, ಕೈಲೆ ಮಾಡಿದ್ರ ಒಂದ್ ಊರು ಕೆಡತೈತಿ. ನಿಮ್ಮ ಪ್ರೋಗ್ರಾಮ್ ತಪ್ಪಿದ್ರ ಎಲ್ಲಾ ಊರೂ ಒಂದ ಹೊಡ್ತಕ್ಕ ಕೆಡತಾವ."

ಮಾತು ಸತ್ಯವಾಗಿತ್ತು. ಆದ್ದರಿಂದಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ನನ್ನ ಪ್ರೋಗ್ರಾಮಿಗೆ ಒಳ್ಳೆಯ ಬುದ್ಧಿ ಕಲಿಸಿದೆ. ಅದು ಮೊದಲು ಹಳೆಯದನ್ನು ನೆನಪಿಟ್ಟುಕೊಳ್ಳುತ್ತದೆ. ಹೊಸದನ್ನು ಬರೆಯುತ್ತದೆ. ಅದೇ ಊರಿನ ಒಂದು ಕಂಪ್ಯೂಟರಿನಿಂದ ಹೊಸದಾಗಿ ವಿಳಾಸ ಕೇಳಿಸುತ್ತದೆ. ಬಂದ ವಿಳಾಸ ನಮ್ಮ ಸರ್ವರೇ ಕೊಟ್ಟದ್ದೋ ಎಂದು ನೋಡುತ್ತದೆ. ಅಲ್ಲವೆಂದಾದರೆ ಹಳೆಯದನ್ನೇ ಮತ್ತೆ ಬರೆದು, ಬೇರೆ ಊರಿಗೆ ಕಾಲಿಡದೆ ನಿಂತುಬಿಡುತ್ತದೆ. ಎಷ್ಟು ಮನುಷ್ಯರಿಗೆ ಈ ಬುದ್ಧಿ ಇರುತ್ತದೆ ಹೇಳಿ.

ಪ್ರೋಗ್ರಾಮಿನ ತಾಲೀಮು ನಮ್ಮ ಮನೆಯಲ್ಲೇ ನಡೆಯಿತು. ಊಟದ ಮೇಜಿನ ಮೇಲೆ ಒಂದು ಹಳೆಯ ಸ್ವಿಚ್ ಇಟ್ಟು, ಅದಕ್ಕೆ ಕೂಡ್ಲಿಗಿ ಎಂದು ಹೆಸರಿಟ್ಟೆ. ಫ್ರಿಜ್ಜಿನ ಮೇಲಿನದು ಹಡಗಲಿ. ಗಂಡ ಮಲ್ಲಿಕಾರ್ಜುನ ಪಂಪ್‌ಸೆಟ್ಟಿನ ಅಂಗಡಿ ಮುಚ್ಚಿ ಬಂದವರು ತಟ್ಟೆ ಹಿಡಿದು ಜಾಗ ಹುಡುಕಿದರು. "ಗಿರಿಜಾ, ಕೂಡ್ಲಿಗಿ ಸ್ವಲ್ಪ ಅತ್ತಾಗ ಸರಿಸು, ರೊಟ್ಟಿ ಇಡ್ತೀನಿ" ಎಂದರು. ಅಷ್ಟರಲ್ಲಿ ಅತ್ತೆಯವರ ಧಾರಾವಾಹಿ ನಿಂತುಹೋಯಿತು. ನೋಡಿದರೆ ಇಂಟರ್‌ನೆಟ್ಟಿನಿಂದ ನಡೆಯುವ ಟಿವಿಗೆ ನಮ್ಮ ಆಸ್ಪತ್ರೆಯ ವಿಳಾಸ ಸಿಕ್ಕಿತ್ತು. ರಿಲೇ ಕೆಲಸ ಮಾಡುತ್ತಿದೆಯಲ್ಲ ಎಂದು ನಾನು ಸಂತೋಷದಿಂದ ಚಪ್ಪಾಳೆ ತಟ್ಟಿದೆ. ಅತ್ತೆಯವರು ನನ್ನನ್ನೇ ನೋಡಿದರು. "ಆ ಹುಡಿಗಿ ಇನ್ನೇನು ಬಾವಿಗೆ ಬೀಳಾಕ ಹತ್ತಿದ್ಲು, ಟಿವಿ ನಿಂತೈತಿ. ಇಕಿ ನೋಡಿದ್ರ ಚಪ್ಪಾಳಿ ತಟ್ತಾಳ!" ಎಂದು ಮಗನಿಗೆ ದೂರು ಕೊಟ್ಟರು.

ನಿಜವಾದ ಕೆಲಸಕ್ಕೆ ಶಾಖೆಗಳಿಗೆ ರಜೆ ಇರುವ ಭಾನುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಎಲ್ಲ ಶಾಖೆಗಳಲ್ಲೂ ಒಂದೊಂದು ಕಂಪ್ಯೂಟರನ್ನು ಹಚ್ಚಿಯೇ ಬಿಡಲು ಹೇಳಿದ್ದೆ. ಕೊಟ್ರೇಶಿ ಪಕ್ಕದಲ್ಲಿ ಕೈಕಟ್ಟಿ ಕೂತ. ನಾನು ಗುಂಡಿ ಒತ್ತಿದೆ. ಕೂಡ್ಲಿಗಿ ಆಯಿತು. ಕೊಟ್ಟೂರು ಆಯಿತು. ಹಡಗಲಿ ಆಯಿತು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಆ ಏಸಿಯಲ್ಲೂ ಬೆವರಿದ್ದೇಕೆಂದು ಆಶ್ಚರ್ಯಪಡುವಷ್ಟರಲ್ಲಿ ಹರಪನಹಳ್ಳಿಯಲ್ಲಿ ಪ್ರೋಗ್ರಾಮ್ ನಿಂತಿತು. ಬೇರೆ ಯಾರೋ ವಿಳಾಸ ಕೊಟ್ಟಿದ್ದಾರೆ, ಹಳೆಯದನ್ನೇ ಮತ್ತೆ ಬರೆದಿದ್ದೇನೆ ಎಂದು ಪರದೆಯ ಮೇಲೆ ಮೂಡಿತು.

"ನಾ ಹೇಳಿದ್ನಲ್ಲಕ್ಕ" ಎಂದ ಕೊಟ್ರೇಶಿ, ಬೈಕಿನ ಕೀಲಿಗಾಗಿ ಜೇಬು ತಡಕುತ್ತ.

"ಸುಮ್ನ ಕುಂದರು. ಅದು ತಪ್ಪಿಲ್ಲ. ಅಲ್ಲಿ ಯಾರೋ ಕಳ್ಳ ಅದಾನ" ಎಂದೆ.

ಹರಪನಹಳ್ಳಿ ಶಾಖೆಯ ಕೌಂಟರ್ ನೋಡಿಕೊಳ್ಳುವ ನಾಗವೇಣಿಯ ಮನೆ ಆಸ್ಪತ್ರೆಯ ಹಿಂದೆಯೇ. ಫೋನ್ ಮಾಡಿ, ಬೀಗ ತೆಗೆದು ತಂತಿಗಳ ಹತ್ತಿರ ಹೊಸ ವಸ್ತು ಏನಾದರೂ ಇದೆಯೇ ನೋಡಲು ಹೇಳಿದೆ. ಆಕೆ ನೋಡಿ ಹೇಳಿದಳು: "ಡಾಕ್ಟ್ರ ರೂಮಿನಾಗೆ ಟೇಬಲ್ ಕೆಳಗೆ ಒಂದು ಬಿಳೀ ಡಬ್ಬಿ ಐತೆ ಮೇಡಂ. ಎರಡು ಕೋಡು ಅದಾವೆ. ಹಸಿರು ದೀಪ ಮಿಣಮಿಣ ಅಂತೈತೆ."

ಮನೆಗಳಲ್ಲಿ ಇಡುವ ವೈಫೈ ಡಬ್ಬಿ! ಅದು ನಮ್ಮ ಜಾಲಕ್ಕೆ ಸೇರಿಕೊಂಡು, ಕೂಗಿದವರಿಗೆಲ್ಲ ತನ್ನದೇ ವಿಳಾಸ ಹಂಚುತ್ತಿತ್ತು. ಹರಪನಹಳ್ಳಿಯ ಫೋಟೋಗಳು ಒಮ್ಮೊಮ್ಮೆ ಬರುತ್ತಿರಲಿಲ್ಲ. ಎಲ್ಲರೂ ನನ್ನ ಏಸಿ ರೂಮನ್ನೇ ಬೈಯುತ್ತಿದ್ದರು. ಅದರ ಕಾರಣ ಇದು. "ಮೊದ್ಲು ಅದನ್ನ ಕೀಳು ನಾಗವೇಣಿ" ಎಂದೆ.

"ಅಯ್ಯೋ, ಆಗಲ್ಲ ಮೇಡಂ. ದೊಡ್ಡ ಡಾಕ್ಟ್ರೇ ಇಟ್ಟಾರೆ. ಯಾರೂ ಮುಟ್ಟಬಾರದು ಅಂದಾರೆ. ಇಲ್ಲಿಗೆ ಬಂದಾಗ ಊಟದ ಹೊತ್ತಿಗೆ ಕ್ರಿಕೆಟ್ ನೋಡ್ತಾರೆ."

ಕೊಟ್ರೇಶಿ ನನ್ನ ಮುಖ ನೋಡಿದ. ಈಗ ಅವನ ಕೈ ಜೇಬಿನಲ್ಲಿರಲಿಲ್ಲ, ಬಾಯಿಯ ಮೇಲಿತ್ತು. ನಾನು ಎರಡು ಗುಟುಕು ನೀರು ಕುಡಿದು ಡಾಕ್ಟರಿಗೆ ಫೋನ್ ಮಾಡಿ, ಹರಪನಹಳ್ಳಿಯಲ್ಲಿ ಬಿಳಿಯ ಡಬ್ಬಿಯೊಂದು ರೋಗಿಗಳ ಫೋಟೋಗಳನ್ನು ತಡೆಯುತ್ತಿದೆ ಎಂದು ತಿಳಿಸಿದೆ. ಯಾರು ಇಟ್ಟದ್ದೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಆಮೇಲೆ, "ಕೂಡ್ಲಿಗಿಯ ಮುದುಕರ ಹಾಗೆ ಅಲ್ಲಿಯೂ ಯಾರಾದರೂ ವಾಪಸು ಹೋಗಿದ್ದಾರೇನಮ್ಮ?" ಎಂದು ಮೆಲ್ಲಗೆ ಕೇಳಿದರು. "ಗೊತ್ತಿಲ್ಲ ಸರ್. ಇನ್ನು ಮುಂದೆ ಹೋಗೋದಿಲ್ಲ" ಎಂದೆ. "ಕಿತ್ತು ಹಾಕಿಸಿ" ಎಂದರು.

ನಾಗವೇಣಿ ಕಿತ್ತಳು. ನಾನು ಮತ್ತೆ ಗುಂಡಿ ಒತ್ತಿದೆ. ಹರಪನಹಳ್ಳಿಯೂ ಆಯಿತು. ಕೊಟ್ರೇಶಿ ಎದ್ದು ನಿಂತು, "ಅಕ್ಕ, ನಾನು ಕೈಲೆ ಮಾಡಿದ್ರ ಆ ಡಬ್ಬಿ ಜನ್ಮದಾಗ ಸಿಗ್ತಿರ್ಲಿಲ್ಲ" ಎಂದು ಎರಡೂ ಕೈ ಜೋಡಿಸಿದ. ಹೋಳಿಗೆಯವರಿಗೆ ಸಿಗುವಂಥದು ನನಗೂ ಕೊನೆಗೆ ಸಿಕ್ಕಿತಲ್ಲ ಎಂದುಕೊಂಡೆ. "ಚಹಾ ತಗೊಂಡ್ ಬಾ ಹೋಗು" ಎಂದು ಗದರಿದೆ.

ಸೋಮವಾರ ಬೆಳಿಗ್ಗೆ ಫೋನಿನ ಮುಂದೆ ಕೂತೆ. ಯಾರದೂ ಬರಲಿಲ್ಲ. ಏನೂ ಕೆಟ್ಟಿರಲಿಲ್ಲವಾದ್ದರಿಂದ ಯಾರಿಗೂ ನಾನು ಬೇಕಾಗಿರಲಿಲ್ಲ. ಇಷ್ಟು ದೊಡ್ಡ ಜಯ ಇಷ್ಟು ಸದ್ದಿಲ್ಲದೆ ಮುಗಿಯುವುದನ್ನು ಸಹಿಸಲಾರದೆ, ಪರಿಶೀಲನೆ ಎಂಬ ನೆವ ಹೇಳಿ ಹರಪನಹಳ್ಳಿಯ ಬಸ್ ಹತ್ತಿದೆ.

ಶಾಖೆ ತುಂಬಿತ್ತು. ನಾನು ರೋಗಿಗಳ ಬೆಂಚಿನ ತುದಿಯಲ್ಲಿ, ಫೋಟೋ ಕೋಣೆಯ ಬಾಗಿಲು ಕಾಣುವಂತೆ ಕೂತೆ. ಒಬ್ಬೊಬ್ಬರೇ ಒಳಗೆ ಹೋಗುವುದು, ಹೊರಗೆ ಬರುವುದು, ಎಲ್ಲೂ ತಡೆಯಿಲ್ಲ. ಒಬ್ಬ ಅಜ್ಜ ಹೊರಬಂದವರು ಗಂಟು ಹಿಡಿದು ನಾಗವೇಣಿಯ ಜೊತೆ ಜಗಳಕ್ಕೇ ನಿಂತರು. "ಇಷ್ಟು ಬೇಗ ಮುಗೀತಾ? ಸರಿಯಾಗಿ ನೋಡ್ಯಾರೋ ಇಲ್ವೋ? ಸಂಜೆಮಟ ಆಗ್ತೈತೆ ಅಂತ ರೊಟ್ಟಿ ಕಟ್ಟಿಸ್ಕೊಂಡು ಬಂದೀನಲ್ಲಮ್ಮ!" ಅಂಥ ಮಧುರವಾದ ದೂರನ್ನು ನಾನು ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ಆ ಅಜ್ಜನ ಬೇಸರವನ್ನೇ ಸವಿಯುತ್ತ ಮೈಮರೆತಿದ್ದಾಗ ಯಾರೋ "ಮುಖ ಎತ್ತಿ" ಎಂದರು. ಎತ್ತಿದೆ. ಎರಡೂ ಕಣ್ಣಿಗೆ ತಣ್ಣನೆಯ ಹನಿ ಬಿತ್ತು.

"ಅಯ್ಯೋ, ಅವರು ಪೇಷಂಟ್ ಅಲ್ಲ ಕಣೇ, ಹೆಡ್ ಆಫೀಸ್ ಮೇಡಂ!" ಎಂದು ನಾಗವೇಣಿ ಕೂಗಿದ್ದು ಕೇಳಿಸಿತು. ಹೊಸದಾಗಿ ಸೇರಿದ್ದ ನರ್ಸಮ್ಮ ಬೆಂಚಿನುದ್ದಕ್ಕೂ ಹನಿ ಹಾಕುತ್ತ ಬಂದಿದ್ದಳು. ತಪ್ಪು ನನ್ನದೇ, ಕೇಳದೆ ಕತ್ತು ಎತ್ತಿದವಳು ನಾನು. ಹೇಗೂ ಹನಿ ಬಿದ್ದಿದೆಯೆಂದು ನನ್ನ ಕಣ್ಣಿನ ಫೋಟೋವನ್ನೂ ತೆಗೆದರು. ಅದು ನನ್ನದೇ ರಿಲೇಯ ಕೃಪೆಯಿಂದ ವಿಳಾಸ ಪಡೆದ ಕಂಪ್ಯೂಟರಿನಿಂದ ನನ್ನದೇ ಕೋಣೆಗೆ ಹೋಯಿತು. ಮಂಜುಮಂಜಾದ ಜಗತ್ತಿನಲ್ಲಿ ನಾಗವೇಣಿ ಕೈಹಿಡಿದು ಬಸ್ಸಿಗೆ ಹತ್ತಿಸಿದಳು.

ಬಸ್ ಕೊಟ್ಟೂರು ದಾಟುವ ಹೊತ್ತಿಗೆ ಫೋನ್ ಟಿಣ್ ಎಂದಿತು. ಹಿಡಿದು ನೋಡಿದರೆ ಅಕ್ಷರಗಳೆಲ್ಲ ಇರುವೆಯ ಸಾಲು. ಪಕ್ಕದಲ್ಲಿ ಯಾರೂ ಇರಲಿಲ್ಲ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರಮ್ಮನಿಗೆ ಫೋನ್ ಕೊಟ್ಟು, "ಸ್ವಲ್ಪ ಓದಿ ಹೇಳ್ರೆವ್ವಾ, ಕಣ್ಣಿಗೆ ಹನಿ ಹಾಕ್ಯಾರ" ಎಂದೆ. ಬಸ್ಸಿನ ಸದ್ದಿಗೆ ಪಳಗಿದ ಗಂಟಲು ಅವರದು. ಎಲ್ಲರಿಗೂ ಕೇಳುವಂತೆ ಓದಿದರು: "ಗಿರಿಜಾ, ನಿಮ್ಮ ಕೆಲಸದಿಂದ ಇವತ್ತು ಎಲ್ಲ ಊರಿನ ಫೋಟೋಗಳೂ ತಡವಿಲ್ಲದೆ ಬಂದವು, ನೀವು ನಮ್ಮಲ್ಲಿರುವುದು ನಮ್ಮ ಪುಣ್ಯ. ನಿಮ್ಮ ಕಣ್ಣು ಚೆನ್ನಾಗಿವೆ. ನಾಳೆ ಬೇಗ ಬನ್ನಿ, ನನ್ನ ಪ್ರಿಂಟರ್ ಕಾಗದ ತಿನ್ನುತ್ತಿದೆ. ಡಾಕ್ಟರ್."

ಮುಂದಿನ ಸೀಟಿನವರು ತಿರುಗಿ ನೋಡಿದರು. ಹಿಂದೆ ಕೂತವರು ಯಾರೆಂದು ಕತ್ತು ಚಾಚಿದರು. ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿದರೆಂದು ನನ್ನ ನಂಬಿಕೆ. ನನಗೆ ಸ್ಪಷ್ಟವಾಗಿ ಕಾಣಲಿಲ್ಲ.

"ಮೊದಲ್ನೇ ಸಾಲು ಇನ್ನೊಂದ್ಸಲ ಓದ್ರೆವ್ವಾ, ಬಸ್ಸಿನ ಸಪ್ಪಳಕ್ಕ ಕೇಳಲಿಲ್ಲ" ಎಂದೆ. ಹನಿ ಹಾಕಿದ್ದು ಕಣ್ಣಿಗೆ ಮಾತ್ರ. ಕಿವಿ ನೆಟ್ಟಗೇ ಇದ್ದವು.