ಬ್ಯಾಂಕಾಕಿಗೆ ಹೋಗಿ ಬಂದ ಆರು ಬೋಳುತಲೆಗಳು

ಊರು ಬಿಟ್ಟು ಹೋಗಿದ್ದ ಗಂಡಸನ್ನು ಅಲ್ಲಿ ಏನು ಮಾಡಿದೆ ಎಂದು ಕೇಳುವುದು ದಂಡ. ಅವನು ಹೇಳುವುದಿಲ್ಲ. ಹೇಳಿದರೂ ಅರ್ಧ ಹೇಳುತ್ತಾನೆ, ಆ ಅರ್ಧದಲ್ಲೂ ಮುಕ್ಕಾಲು ಪಾಲು ಊಟ ತಿಂಡಿಯ ವಿಚಾರವೇ ಇರುತ್ತದೆ. ಅವನು ವಾಪಸ್ಸು ಬಂದ ಮೇಲೆ ಏನು ಮಾಡುತ್ತಾನೆ ಎಂದು ಸುಮ್ಮನೆ ನೋಡುತ್ತಿರಬೇಕು. ಯಾರೂ ಕೇಳದೆ ಹೆಂಡತಿಗೆ ಸೀರೆ ತಂದನೋ, ಇದ್ದಕ್ಕಿದ್ದ ಹಾಗೆ ಹೆತ್ತವಳ ಮಂಡಿನೋವು ವಿಚಾರಿಸಿದನೋ, ಅಲ್ಲಿಗೆ ವಿಷಯ ತಿಳಿದ ಹಾಗೆ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟು ಎಮ್ಮೆಯ ಹಗ್ಗ ಹಿಡಿದವಳು. ಓದು ಬರಹ ಅಷ್ಟಕ್ಕಷ್ಟೆ. ಈ ಒಂದು ಪಾಠವನ್ನು ಮಾತ್ರ ಎರಡು ಸಲ ಕಲಿತಿದ್ದೇನೆ, ಒಂದು ಸಲ ಗಂಡನಿಂದ, ಇನ್ನೊಂದು ಸಲ ಮಗನಿಂದ.

ನನ್ನ ಮಗ ಮಾದೇವನಿಗೆ ಹುಲ್ಲಹಳ್ಳಿಯಲ್ಲಿ ಗೊಬ್ಬರ ಮತ್ತು ಔಷಧಿ ಅಂಗಡಿ. ಔಷಧಿ ಎಂದರೆ ಬೆಳೆಯ ಹುಳಕ್ಕೆ ಹೊಡೆಯುವುದು, ಮನುಷ್ಯರಿಗಲ್ಲ. ಹೋದ ವರ್ಷ ಔಷಧಿ ಕಂಪನಿಯವನೊಬ್ಬ ಇನ್‌ಶರ್ಟು ಮಾಡಿಕೊಂಡು ಬಂದು, ಟಾರ್ಗೆಟ್ ಮುಟ್ಟಿದ ಅಂಗಡಿಯವರನ್ನೆಲ್ಲ ನಾಲ್ಕು ದಿನ ಬ್ಯಾಂಕಾಕಿಗೆ ಕರೆದುಕೊಂಡು ಹೋಗುತ್ತೇವೆ, ಹೆಂಗಸರು ಮಕ್ಕಳು ಬೇಡ ಎಂದು ಹೇಳಿ ಹೋದ. ಆವತ್ತಿನಿಂದ ನಮ್ಮ ಮಾದೇವ ಬೆಳಗ್ಗೆ ಆರಕ್ಕೇ ಅಂಗಡಿ ತೆಗೆಯತೊಡಗಿದ. ಹುಳ ಇದ್ದವನಿಗೂ ಬಾಟಲಿ, ಹುಳ ಇಲ್ಲದವನಿಗೂ ಬಾಟಲಿ. ಆ ವರ್ಷ ನಮ್ಮ ನಾಲೆಯ ಬಯಲಿನಲ್ಲಿ ಒಂದು ಮಿಡತೆಯೂ ಬದುಕಿ ಉಳಿದಿರಲಾರದು.

ಮನೆಯಲ್ಲಿ ಹೇಳಿದ್ದು, ಅಲ್ಲಿಯ ಬೇಸಾಯ ನೋಡಿಕೊಂಡು ಬರುವುದಕ್ಕೆ ಎಂದು. ಸೊಸೆ ಮಂಜುಳ ಪಾಪ ಕೋಡುಬಳೆ ಕರಿದಳು, ಚಟ್ನಿಪುಡಿ ಕುಟ್ಟಿದಳು, ಬ್ಯಾಗು ತುಂಬಿದಳು. ಅದರಲ್ಲಿ ಒಂದು ಹೊಸ ಸೆಂಟಿನ ಬಾಟಲಿ ಕಂಡಿತು.

“ಬೇಸಾಯ ನೋಡಕ್ಕೆ ಸೆಂಟು ಯಾಕ್ಲಾ?” ಅಂದೆ.

“ಏರೋಪ್ಲೇನಲ್ಲಿ ಬೆವರು ವಾಸ್ನೆ ಒಡದ್ರೆ ಅತ್ತಿಸ್ಕೊಳ್ಳಲ್ಲ ಕಣವ್ವ” ಅಂದ. ನಲವತ್ತೆಂಟು ವರ್ಷದ ಮಗ. ನಾನು ಏರೋಪ್ಲೇನು ಹತ್ತಿದವಳಲ್ಲ. ಇದ್ದರೂ ಇರಬಹುದು ಅಂದುಕೊಂಡೆ.

ಈ ಕಡೆಯ ಆರು ಜನ ಅಂಗಡಿಯವರು ಹೋದರು. ಐದನೇ ದಿನ, ಸೋಮವಾರ, ಬಿಸಿಲೇರುವ ಹೊತ್ತಿಗೆ ಬಂದರು. ನಾನು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದೆ. ಟೋಪಿ ಹಾಕಿಕೊಂಡು ಒಬ್ಬ ಬ್ಯಾಗು ಎಳೆದುಕೊಂಡು ಬರುತ್ತಿದ್ದ. ಯಾರೋ ಬ್ಯಾಂಕಿನವರು ಇರಬೇಕು ಎಂದು ನೋಡಿದರೆ ನಮ್ಮ ಮಾದೇವ. ಬಾಗಿಲು ತಗ್ಗು, ಚೌಕಟ್ಟಿಗೆ ತಗುಲಿ ಟೋಪಿ ಬಿತ್ತು. ತಲೆ ನುಣ್ಣಗೆ ಬೋಳಿಸಿದೆ, ಮೇಲೆ ಗಂಧ ಬಳಿದಿದೆ.

ನಮ್ಮ ಕಡೆ ನಂಜನಗೂಡಿಗೆ ಮುಡಿ ಕೊಡದ ಮನೆಯಿಲ್ಲ. ಆದರೆ ಮುಡಿ ಕೊಡುವುದೆಂದರೆ ಒಬ್ಬನೇ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದ ಹಾಗಲ್ಲ. ಹೆಂಡತಿ, ಮಕ್ಕಳು, ಸೋದರಮಾವ ಎಲ್ಲ ಕೂಡಿ ಹೋಗಬೇಕು. ಕಪಿಲೆಯಲ್ಲಿ ಮುಳುಗಿ, ಹೊಳೆ ದಂಡೆಯಲ್ಲಿ ಒಲೆ ಹೂಡಿ ಅನ್ನ ಬೇಯಿಸಿ ಉಂಡು ಬರಬೇಕು. ಏರೋಪ್ಲೇನಿನಿಂದ ಇಳಿದವರು ಮನೆಗೂ ಬರದೆ, ಹೆಂಡತಿಗೂ ಹೇಳದೆ, ನೆಟ್ಟಗೆ ಕ್ಷೌರದವನ ಮುಂದೆ ಸಾಲಾಗಿ ಕೂತಿದ್ದು ನಾನು ಕಂಡಂತೆ ಇದೇ ಮೊದಲು.

ಇಷ್ಟರಲ್ಲಿ ಹಿಂದಿನ ಬೀದಿಯ ಶಿವಮ್ಮ ಓಡಿ ಬಂದಳು. ಅವಳ ಗಂಡ ಪುಟ್ಟಸ್ವಾಮಿಯೂ ಬ್ಯಾಂಕಾಕಿನ ಗುಂಪಿನಲ್ಲಿದ್ದವನೇ.

“ದೊಡ್ಡಮ್ಮಾ, ನಿಮ್ಮ ಮಾದೇವಣ್ಣಂದೂ ಓಯ್ತಾ?”

“ಏನು ಓಯ್ತವ್ವ?”

“ಕೂದ್ಲು!”

ಒಂದು ತಲೆ ಬೋಳಾಗಿದ್ದರೆ ಭಕ್ತಿ ಎಂದು ಕೈ ಮುಗಿಯುತ್ತಿದ್ದೆವು. ಹೋದ ಆರೂ ತಲೆ ಒಂದೇ ದಿನ ಬೋಳಾಗಿದ್ದು ನೋಡಿದ ಮೇಲೆ ಹೆಂಗಸರಿಗೆ ಇನ್ನೇನು ಬೇಕು? ಸಾಕ್ಷಿಯನ್ನು ತಾವೇ ತಲೆಯ ಮೇಲೆ ಹೊತ್ತುಕೊಂಡು ಮನೆಮನೆಗೆ ಬಂದಿದ್ದರು. ಗಂಡಸರು ಪಾಪ ತೊಳೆದುಕೊಳ್ಳುವುದರಲ್ಲೂ ಜೊತೆ ಹುಡುಕುತ್ತಾರೆ ನೋಡಿ.

ಮಂಜುಳ ಕೈ ಒರೆಸಿಕೊಂಡು ಈಚೆಗೆ ಬಂದಳು. ಅವಳು ಜಗಳಗಂಟಿಯಲ್ಲ. ಮೆತ್ತಗೆ ಕೇಳಿದಳು. “ಯಾತಕ್ಕೆ ಮುಡಿ ಕೊಟ್ರಿ?”

“ಬರೋವಾಗ ಪ್ಲೇನು ಅಲ್ಲಾಡ್ತು ಕಣೆ. ಎಲ್ರೂ ಎದ್ರುಕೊಂಡೋ. ನಂಜುಂಡಪ್ಪ, ಕ್ಷೇಮವಾಗಿ ಇಳಿಸಪ್ಪ ಅಂತ ಅರಕೆ ಕಟ್ಕೊಂಡೋ.”

“ನಮ್ ಹುಲ್ಲಳ್ಳಿ ಬಸ್ಸು ದಿನಾ ಅಲ್ಲಾಡ್ತದೆ. ನಾವ್ಯಾರೂ ತಲೆ ಬೋಳಿಸ್ಕೊಂಡಿಲ್ಲ.”

ಅಷ್ಟೇ ಅವಳು ಅಂದಿದ್ದು. ಆಮೇಲೆ ಒಳಗೆ ಹೋಗಿ ತನ್ನ ಬಟ್ಟೆಗಳನ್ನು ಬ್ಯಾಗಿಗೆ ತುಂಬಿ ಬಾಗಿಲ ಪಕ್ಕ ತಂದಿಟ್ಟಳು. ಅವಳ ತವರು ನರಸೀಪುರ. “ಅತ್ತೆ, ಏನು ನಡೀತು ಅಂತ ನೀವೇ ಕೇಳಿ ಹೇಳಿ. ನೀವು ಹೇಳಿದ್ರೆ ನಂಬ್ತೀನಿ. ಇಲ್ಲ ಅಂದ್ರೆ ನಾನು ನಮ್ಮಣ್ಣನ ಮನೆಗೆ ಓಗ್ತೀನಿ, ತಿರುಗಿ ಬರಲ್ಲ” ಅಂದಳು. ಇಪ್ಪತ್ತೆರಡು ವರ್ಷ ನನ್ನ ಜೊತೆ ಬಾಳಿದವಳು. ಕಣ್ಣಲ್ಲಿ ನೀರಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಅಳುವ ಹೆಂಗಸು ಎಲ್ಲೂ ಹೋಗುವುದಿಲ್ಲ.

ಮಗನನ್ನು ಹಿತ್ತಿಲಿಗೆ ಕರೆದು ಕಲ್ಲಿನ ಮೇಲೆ ಕೂರಿಸಿದೆ. ಮೊದಲು ಸಮುದ್ರ ತೋರಿಸಿದರು ಅಂದ. ಆಮೇಲೆ ಆನೆ ಅಂದ. ಆನೆ ನೋಡಲು ಬ್ಯಾಂಕಾಕಿಗೆ ಯಾಕೆ ಹೋಗಬೇಕು, ಇಲ್ಲಿ ಹೆಡಿಯಾಲದ ಕಡೆ ಹೋದರೆ ಅದೇ ಅಟ್ಟಿಸಿಕೊಂಡು ಬರುತ್ತದೆ ಅಂದೆ. ಬೆವೆತ. ಕೊನೆಗೆ, ಕಂಪನಿಯವನು ಮೈಕೈ ನೀವುವ ಅಂಗಡಿಗೆ ಕರೆದುಕೊಂಡು ಹೋದ ಎಂದ. ಅಲ್ಲಿ ಹುಡುಗಿಯರು ಎದೆಗೆ ನಂಬರು ಅಂಟಿಸಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾರಂತೆ, ಇವರು ನಂಬರು ಹೇಳಬೇಕಂತೆ. ಚಿಕ್ಕಯ್ಯನಛತ್ರದ ಕಡೆ ದನದ ವ್ಯಾಪಾರಕ್ಕೆ ಹೋದರೂ ಮೊದಲು ಹಲ್ಲು ನೋಡಿ, ಹೆಸರು ಕೇಳಿ, ಬೆನ್ನು ಸವರುತ್ತೇವೆ.

“ನೀನು ನಂಬರು ಏಳಿದ್ ಮಗಳಿಗೆ ಏಟು ವಯಸ್ಸು?”

“ಇಪ್ಪತ್ತಾರಂತೆ ಕಣವ್ವ.”

“ಮಾತು ಎಂಗಾಡ್ದೆ? ನಿಂಗೆ ಮೈಸೂರಲ್ಲೇ ದಾರಿ ಕೇಳಕ್ಕೆ ಬರಲ್ಲ.”

“ಫೋನಲ್ಲಿ ಕನ್ನಡದಲ್ಲಿ ಹೇಳಿದ್ರೆ ಅದು ಅವ್ರ ಭಾಷೇಲಿ ಹೇಳ್ತದೆ. ಅವಳ ಅಪ್ಪಂದೂ ಬತ್ತದ ಗದ್ದೆಯಂತೆ. ಗದ್ದೆಗೆ ಕಂದು ಜಿಗಿಹುಳ ಬಿದ್ದು ಎರಡು ಬೆಳೆ ಓಯ್ತಂತೆ, ಅದಕ್ಕೇ ಇವಳು ಪಟ್ಟಣಕ್ಕೆ ಬಂದಿದ್ದಂತೆ. ನಾನು ನೀರು ಬಸೀರಿ, ಬುಡಕ್ಕೆ ಔಷಧಿ ಒಡೀರಿ, ಮೇಲೆ ಒಡುದ್ರೆ ಸಾಯಲ್ಲ ಅಂತೇಳ್ದೆ. ಅವಳು ಬರ್ಕೊಂಡ್ಲು.”

ನಗು ಬಂತು, ತಡೆದುಕೊಂಡೆ. “ಬರ್ಕೊಂಡಿದ್ದಾದ ಮೇಲೆ?”

ಮಾದೇವ ನೆಲ ನೋಡಿದ. ಮತ್ತೆ ಕೇಳಲಿಲ್ಲ. ಎದ್ದು ಆ ಬೋಳುತಲೆಗೆ ಅಂಗೈಯಲ್ಲಿ ಒಂದು ಬಿಟ್ಟೆ. ಕೂದಲಿಲ್ಲದ್ದಕ್ಕೆ ಸದ್ದು ಚೆನ್ನಾಗಿ ಬಂತು. ಹುಳ ಬಿದ್ದ ಗದ್ದೆಯವನ ಮಗಳು. ನಮ್ಮ ನಾಲೆಗೆ ಎರಡು ವರ್ಷ ನೀರು ಬಿಡದಿದ್ದರೆ ನಮ್ಮ ಮನೆ ಹೆಣ್ಣುಮಕ್ಕಳು ಎಲ್ಲಿ ಕೂತಿರುತ್ತಿದ್ದರೋ ಎಂದು ಅವನನ್ನು ಕೇಳಿದೆ. ಅವನು ಅತ್ತ. ಅಳಲಿ ಬಿಡಿ.

ಹೀಗೆ ಹೇಳಿದೆನೇ ಹೊರತು, ಕೂತಲ್ಲೇ ನನಗೆ ಇವನ ಅಪ್ಪ ನೆನಪಾಗಿ ಹೋದ. ಆಗ ನಮ್ಮದು ಆಲೆಮನೆ. ಬೆಲ್ಲವನ್ನು ಲಾರಿಗೆ ಹೇರಿಕೊಂಡು ನರಸೀಪುರಕ್ಕೆ ಹೋಗುವುದು. ಆ ಕಾಲಕ್ಕೆ ನಮಗೆ ನರಸೀಪುರವೇ ಫಾರಿನ್ನು. ಎರಡು ಹೊಳೆ ಸೇರುವ ಜಾಗ, ಮರಳಿನ ಮೇಲೆ ನಡೆದರೆ ಕಾಲು ಸುಡುತ್ತಿತ್ತು, ಹೊಳೆ ಆಚೆ ಹೋಗಲು ಹರಿಗೋಲು, ಹರಿಗೋಲಿನವನು ಬೇಕೆಂದೇ ಎರಡು ಸುತ್ತು ತಿರುಗಿಸಿ ಹೆಂಗಸರನ್ನು ಕಿರುಚಿಸುತ್ತಿದ್ದ. ಮಾದೇವ ಆಗ ನನ್ನ ಹೊಟ್ಟೆಯಲ್ಲಿದ್ದ. ಬೆಲ್ಲವನ್ನು ಮಂಡಿಗೆ ಹಾಕಿ ಸಂಜೆಗೆ ಬರುತ್ತೇನೆ ಎಂದು ಹೋದ ನಮ್ಮ ಯಜಮಾನರು ನಾಲ್ಕನೇ ದಿನ ಬಂದರು. ಬಂದವರೇ ನನ್ನ ಕೈಗೆ ಗಾಜಿನ ಬಳೆ ಕೊಟ್ಟರು. ಹಸಿರು ಬಳೆ, ಚುಕ್ಕಿಯಿದ್ದದ್ದು. ಸೋಪು ಹಚ್ಚಿದರೂ ನನ್ನ ಮುಂಗೈ ದಾಟಲಿಲ್ಲ. ನಾನು ಕಬ್ಬು ಕಡಿದ ಕೈಯವಳು. ಹಾಗಾದರೆ ಈ ಬಳೆ ಯಾರ ಕೈಗೆ ಹಾಕಿ ಅಳತೆ ನೋಡಿದ್ದು?

ಮಾರನೇ ದಿನವೇ ಬಸ್ಸು ಹತ್ತಿದೆ. ನರಸೀಪುರದಲ್ಲಿ ನಾಟಕದ ಕಂಪನಿಯೊಂದು ಡೇರೆ ಹಾಕಿತ್ತು. ಮೂರು ದಿನವೂ ಯಜಮಾನರು ರಾಣಿ ಪಾರ್ಟಿನವಳ ಹಿಂದೆಯೇ ಇದ್ದರು ಎಂದು ಮಂಡಿಯವರು ಹೇಳಿದ್ದರಿಂದ, ಅವಳನ್ನು ಕೇಳಿಕೊಂಡು ಡೇರೆಯ ಹಿಂದಕ್ಕೆ ಹೋದೆ. ಅವಳು ಅರ್ಧ ಬಣ್ಣ ತೊಳೆದ ಮುಖದಲ್ಲಿ ಕುಕ್ಕರುಗಾಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕೈ ಸಣ್ಣ. ನಾನು ಬಳೆ ಮುಂದಿಟ್ಟೆ. ಅವಳಿಗೆ ತಿಳಿಯಿತು.

“ಬೆಲ್ಲದ ಯಜಮಾನ್ರ ಮನೆಯೋರಾ? ಕೂತ್ಕೊಳ್ಳಕ್ಕಾ, ಬಸುರಿ ಹೆಂಗ್ಸು. ಬಳೆ ತಕ್ಕೊಳ್ಳುವಾಗ ಒಂದ್ಸಲ ನನ್ ಕೈಗೆ ಹಾಕಿ ನೋಡಿದ್ರು, ಅಷ್ಟೆಯ. ಅಕ್ಕಾ, ಮೂರು ದಿನವೂ ನಂಗೆ ಪಾಕ ಎಂಗೆ ನೋಡೋದು ಅಂತ ಹೇಳ್ಕೊಟ್ರು. ನೊರೆ ಯಾವಾಗ ತೆಗೀಬೇಕು, ಅಚ್ಚಿಗೆ ಯಾವಾಗ ಉಯ್ಬೇಕು. ನಂಗೆ ತೂಕಡಿಕೆ ಬಂದ್ರೂ ಬುಡ್ನಿಲ್ಲ. ನೀವು ದಿನಾ ಎಂಗೆ ತಡ್ಕೋತೀರಿ?”

ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಹೋದವಳು ಅವಳ ಜೊತೆ ಕೂತು ಅಕ್ಕಿ ಆರಿಸಿ, ಹುಣಸೆಹುಳಿ ಸಾರಿನಲ್ಲಿ ಊಟ ಮಾಡಿ ಬಂದೆ. ಬಳೆ ಅವಳಿಗೇ ಬಿಟ್ಟೆ. ನಮ್ಮ ಯಜಮಾನರು ಹೇಳಿದ್ದು ಅರ್ಧ, ಅವಳು ಹೇಳಿದ್ದು ಅರ್ಧ, ಎರಡೂ ಸೇರಿ ಪೂರ್ತಿಯಾಯಿತೋ ಇಲ್ಲವೋ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಲೆಮನೆ ಹೋಯಿತು, ಹರಿಗೋಲು ಹೋಯಿತು, ಅವರು ಹೋಗಿ ಹದಿನಾರು ವರ್ಷವಾಯಿತು. ಆ ಪಾಕದ ಕತೆ ಕೇಳಿ ಕೇಳಿ ನನಗೂ ತಲೆ ಚಿಟ್ಟು ಹಿಡಿದಿತ್ತು. ಈಗ ಯಾರಾದರೂ ಕೂತು ಹೇಳಿದರೆ ತೂಕಡಿಸದೆ ಕೇಳುತ್ತಿದ್ದೆನೇನೋ. ಅಥವಾ ಅವರ ಮುಂದೆ ಕೂತು ತೂಕಡಿಸುವುದೇ ಚೆನ್ನಾಗಿತ್ತೋ ಏನೋ.

ಇರಲಿ. ಆ ಕಾಲ ಬೇರೆ, ಆ ರಾಣಿ ನಂಬರು ಅಂಟಿಸಿಕೊಂಡು ಕೂತವಳಲ್ಲ. ಒಳಗೆ ಹೋಗಿ ಮಂಜುಳನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮಗನೆಂದು ಒಂದು ಮಾತೂ ಮುಚ್ಚಲಿಲ್ಲ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿಟ್ಟು, “ರಕ್ತ ಟೆಸ್ಟು ಮಾಡಿಸ್ಲಿ. ಆಮೇಲೆ ನೋಡಮ” ಅಂದಳು. ಬ್ಯಾಗು ಬಾಗಿಲಲ್ಲೇ ಇತ್ತು. ಮಾದೇವನಿಗೆ ಅಂಗಡಿಯ ಗೊಬ್ಬರದ ಮೂಟೆಗಳ ನಡುವೆ ಚಾಪೆ.

ಹುಲ್ಲಹಳ್ಳಿಯಲ್ಲಿ ಟೆಸ್ಟು ಮಾಡಿಸಿದರೆ ಟಾಂಟಾಂ ಹೊಡೆಸಿದ ಹಾಗೆ. ನರಸೀಪುರ ಬೀಗರ ಊರು. ನಂಜನಗೂಡಿನಲ್ಲಿ ನಮ್ಮ ಗುರುತು ಯಾರಿಗೂ ಇಲ್ಲವೆಂದು, ನಾನೇ ಅವನ ಜೊತೆ ಹೊರಟೆ. ಲ್ಯಾಬಿನ ಒಳಗೆ ಕಾಲಿಟ್ಟರೆ ಬೆಂಚಿನ ಮೇಲೆ ಆಗಲೇ ಎರಡು ಬೋಳುತಲೆ ಕೂತಿವೆ. ಒಬ್ಬ ಪುಟ್ಟಸ್ವಾಮಿ, ಪಕ್ಕದಲ್ಲಿ ಶಿವಮ್ಮ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂರು ಜನ ಗಂಡಸರೂ ಗೋಡೆಯ ಮೇಲಿನ ಮಗುವಿನ ಲಸಿಕೆಯ ಪಟವನ್ನು ಪರೀಕ್ಷೆಗೆ ಓದುವವರ ಹಾಗೆ ಓದತೊಡಗಿದರು. ಶಿವಮ್ಮ “ನಮ್ಮೋರಿಗೆ ಸುಸ್ತು ದೊಡ್ಡಮ್ಮ” ಅಂದಳು. ನಾನೇನು ಕಡಿಮೆ? “ನಮ್ಮೋನಿಗೆ ಏನೂ ಇಲ್ಲ ಕಣವ್ವ, ನಂಗೇ ಶುಗರ್ ನೋಡಿಸೋಣ ಅಂತ ಬಂದೊ” ಅಂದೆ. ಮಗನ ಮಾನ ಉಳಿಸಲು ಆಡಿದ ಮಾತು. ಲ್ಯಾಬಿನ ಹುಡುಗಿ ಕೇಳಿಸಿಕೊಂಡು, “ಬನ್ನಿ ಅಜ್ಜಿ” ಎಂದು ನನ್ನ ಕೈಗೂ ಸೂಜಿ ಚುಚ್ಚಿದಳು.

ರಿಪೋರ್ಟು ಬಂತು. ಮಾದೇವನಿಗೆ ಏನೂ ಇಲ್ಲ. ಆದರೂ ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ನೋಡಬೇಕು ಎಂದರು ಡಾಕ್ಟರು. ಹಾಗಾದರೆ ಇನ್ನೂ ಮೂರು ತಿಂಗಳು ಮೂಟೆಗಳ ಮಧ್ಯೆಯೇ ಇರಲಿ ಎಂದಳು ಮಂಜುಳ. ಅವನ ಕೂದಲು ಚಿಗುರಿ, ಬಾಚುವಷ್ಟು ಬೆಳೆದು, ಎರಡನೇ ರಿಪೋರ್ಟೂ ಸರಿ ಬಂದ ದಿನ ಅವಳು ಬ್ಯಾಗಿನಿಂದ ಸೀರೆಗಳನ್ನು ತೆಗೆದು ಬೀರುವಿಗೆ ಇಟ್ಟಳು. ಅವನ ದಿಂಬನ್ನು ಅಂಗಡಿಯಿಂದ ತಂದು ಹಿತ್ತಿಲ ಬಿಸಿಲಿಗೆ ಹಾಕಿದಳು. ಈ ವರ್ಷ ಕಂಪನಿಯವನು ಮತ್ತೆ ಇನ್‌ಶರ್ಟು ಮಾಡಿಕೊಂಡು ಬಂದಾಗ ಗಲ್ಲಾದಲ್ಲಿ ಕೂತಿದ್ದವಳು ಅವಳೇ. “ನಮಗೆ ಟೂರು ಬ್ಯಾಡ, ಫ್ರಿಜ್ ಕೊಡಿ. ಬೀಗ ಇರೋದು” ಅಂದಳು.

ಬೀಗ ಯಾಕೆಂದರೆ, ಆವತ್ತು ಸುಮ್ಮನೆ ಚುಚ್ಚಿಸಿಕೊಂಡ ನನ್ನ ರಕ್ತದಲ್ಲಿ ಸಕ್ಕರೆ ಬೇಕಾದ್ದಕ್ಕಿಂತ ಎರಡರಷ್ಟಿತ್ತು. ತಪ್ಪು ಮಾಡಿದವನು ಪಾಸು, ಜೊತೆಗೆ ಹೋದವಳು ಫೇಲು. ಈಗ ಮನೆಯಲ್ಲಿ ಗುಮಾನಿ ಇರುವುದು ನನ್ನ ಮೇಲೆ. ಬೆಲ್ಲದ ಡಬ್ಬ ಅಟ್ಟಕ್ಕೆ ಹೋಯಿತು, ಟೀ ಸಪ್ಪೆ. ಫ್ರಿಜ್ಜಿನ ಬೀಗದ ಕೈ ಮಂಜುಳನ ಸೆರಗಿನ ತುದಿಯಲ್ಲಿ.

ಹೋದ ಸೋಮವಾರ ಫ್ರೀ ಬಸ್ಸು ಹತ್ತಿ ನಂಜನಗೂಡಿಗೆ ಹೋಗಿದ್ದೆ. ನಂಜುಂಡಪ್ಪನಿಗೆ ದೂರದಿಂದಲೇ ಕೈ ಮುಗಿದು, ಹೋಟೆಲಿನ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತು ಎರಡು ಮೈಸೂರುಪಾಕು ತಿಂದೆ. ಆಮೇಲೆ ನಾಲ್ಕು ರಸಬಾಳೆಹಣ್ಣು. ಮನೆಗೆ ಬಂದರೆ ಬಾಗಿಲಲ್ಲೇ ಮಂಜುಳ.

“ಅತ್ತೆ, ಎಲ್ಲಿಗೆ ಓಗಿದ್ರಿ?”

“ದರ್ಶನಕ್ಕೆ ಕಣವ್ವ. ಅಬ್ಬಾ, ಏನು ರಷ್ಷು ಅಂತೀಯ! ನಿನ್ ಸೊಂಟನೋವು ಎಂಗದೆ?”

ಅವಳು ನನ್ನ ಸೆರಗಿನ ಮೇಲಿದ್ದ ತುಪ್ಪದ ಕಲೆಯನ್ನು ನೋಡಿದಳು. ಆಮೇಲೆ ಜಗಲಿಯಲ್ಲಿ ಕೂತಿದ್ದ ಗಂಡನ ಕಡೆ ತಿರುಗಿದಳು. ಮಾದೇವ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ. ನಾನು ನೆಲ ನೋಡಿದೆ. ಇಷ್ಟು ವರ್ಷ ಇವನ ಗುಣವೆಲ್ಲ ಅವರಪ್ಪನ ಕಡೆಯಿಂದ ಬಂದದ್ದು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಪಾಪ, ಅವರು ಮೂರು ದಿನ ತಡವಾಗಿ ಬಂದರೂ ಬಳೆಯನ್ನಾದರೂ ತಂದಿದ್ದರು.